‘ಸರ್ವರ್ ಡೌನ್ ಅದ, ನಾಳಿ ಬರ್ರಿ’: ಇಂಟರ್‌ನೆಟ್ ಮತ್ತು ಇಮೇಲಿನ ಮೊದಲ ಪದಗಳು

(ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಹೊಸದಾಗಿ ಇಂಟರ್‌ನೆಟ್ ಬಳಸುತ್ತಿರುವವರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ. ಸಭಿಕರು ನಡುವೆ ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಉಳಿಸಿಕೊಳ್ಳಲಾಗಿದೆ.)

ಎಲ್ಲರಿಗೂ ಶರಣು ಶರಣಾರ್ಥಿಗಳು.

ಪಹಣಿ ತೆಗೆಸಲು, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು, ಮಗಳ ಸ್ಕಾಲರ್‌ಶಿಪ್ ಫಾರ್ಮ್ ತುಂಬಿಸಲು ಕಂಪ್ಯೂಟರ್ ಕೇಂದ್ರಕ್ಕೆ ಹೋದವರೆಲ್ಲ ಎರಡು ಮಾತುಗಳನ್ನು ಕೇಳಿಯೇ ಇರುತ್ತೀರಿ. ಒಂದು, “ನೆಟ್ ಇಲ್ರೀ”. ಇನ್ನೊಂದು, “ಸರ್ವರ್ ಡೌನ್ ಅದ, ನಾಳಿ ಬರ್ರಿ”. ಎರಡರ ಫಲವೂ ಒಂದೇ ಆಗಿರುವುದರಿಂದ, ಅಂದರೆ ಅಂದಿನ ಕೂಲಿ ಬಿಟ್ಟು ಬಂದವರು ಬರಿಗೈಯಲ್ಲಿ ಊರಿಗೆ ಮರಳಬೇಕಾಗಿರುವುದರಿಂದ, ಎರಡೂ ಒಂದೇ ತೊಂದರೆ ಎಂದು ನಾವು ತಿಳಿದಿದ್ದೇವೆ. ವಾಸ್ತವದಲ್ಲಿ ಒಂದು ನಮ್ಮ ಊರಿನಲ್ಲಿ ಆಗುವ ತೊಂದರೆ, ಇನ್ನೊಂದು ನೂರಾರು ಕಿಲೋಮೀಟರ್ ಆಚೆ ಆಗುವ ತೊಂದರೆ. ಯಾವುದು ಕೆಟ್ಟಿದೆ ಎಂದು ತಿಳಿದರೆ, ಅಲ್ಲೇ ಕಾಯಬೇಕೋ ಪಕ್ಕದ ಅಂಗಡಿಗೆ ಹೋಗಬೇಕೋ ಎಂಬುದನ್ನು ನಾವೇ ನಿರ್ಧರಿಸಬಹುದು. ಇಂದು ನಾನು ಹೇಳಲಿರುವ ಪದಗಳನ್ನು ಈ ಒಂದು ಕಾರಣಕ್ಕಾಗಿಯೇ ಆರಿಸಿಕೊಂಡಿದ್ದೇನೆ: ನಮ್ಮ ಕೆಲಸ ಎಲ್ಲಿ ನಿಂತಿದೆ, ನಮ್ಮ ಕಾಗದಪತ್ರ ಯಾರ ಕೈಯಲ್ಲಿದೆ ಎಂದು ಕೇಳಿ ತಿಳಿಯಲು ಬೇಕಾಗುವಷ್ಟು ಪದಗಳು ಸಾಕು, ಮಿಕ್ಕಿದ್ದನ್ನು ಬಿಟ್ಟಿದ್ದೇನೆ.

ಇಂಟರ್‌ನೆಟ್ ಎಂದರೆ ಒಂದಕ್ಕೊಂದು ಜೋಡಿಸಿದ ಕಂಪ್ಯೂಟರ್ ಜಾಲಗಳ ಜಾಲ. ಇದಕ್ಕೆ ಒಬ್ಬ ಒಡೆಯನಿಲ್ಲ, ಒಂದು ಮುಖ್ಯ ಕಚೇರಿಯೂ ಇಲ್ಲ. ಬೇರೆ ಬೇರೆ ಸಂಸ್ಥೆಗಳ ಜಾಲಗಳು ಒಂದೇ ಬಗೆಯ ನಿಯಮಗಳನ್ನು ಒಪ್ಪಿಕೊಂಡು ಮಾತನಾಡುತ್ತವೆ, ಅಷ್ಟೆ. ಇದರ ಮೂಲ ಅಮೆರಿಕದ ಆರ್ಪಾನೆಟ್ ಎಂಬ ಜಾಲ. 1969ರ ಅಕ್ಟೋಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಂಪ್ಯೂಟರಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ‘ಲಾಗಿನ್’ ಎಂಬ ಪದವನ್ನು ಕಳುಹಿಸಲು ಯತ್ನಿಸಿದಾಗ, ಇಂಗ್ಲಿಷಿನ ಮೊದಲ ಎರಡು ಅಕ್ಷರಗಳಾದ ‘ಎಲ್’ ಮತ್ತು ‘ಓ’ ತಲುಪುತ್ತಿದ್ದಂತೆಯೇ ಆ ಕಡೆಯ ಕಂಪ್ಯೂಟರ್ ನಿಂತುಹೋಯಿತು. ಜಗತ್ತಿನ ಮೊದಲ ಸಂದೇಶದ ದಿನವೇ ಸರ್ವರ್ ಡೌನ್ ಆಗಿತ್ತು ಎಂದಾಯಿತು; ನಮ್ಮ ಕೇಂದ್ರದ ಹುಡುಗರನ್ನು ಬಯ್ಯುವ ಮೊದಲು ಇದು ನೆನಪಿರಲಿ. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಅದು ದೂರವಾಣಿ ತಂತಿಯ ಮೇಲೆ ಕುಂಟುತ್ತ ಬರುತ್ತಿತ್ತು.

ಇಲ್ಲಿ ಹಿರಿಯರೊಬ್ಬರು ಕೇಳಿದರು: “ಸರ, ಇದೆಲ್ಲ ಉಪಗ್ರಹದಿಂದ ಬರ್ತದಲ್ರೀ?” ಬಹಳ ಮಂದಿ ಹಾಗೆಯೇ ನಂಬಿದ್ದಾರೆ, ಏಕೆಂದರೆ ಮೊಬೈಲಿಗೆ ತಂತಿ ಕಾಣುವುದಿಲ್ಲ. ಆದರೆ ಮೊಬೈಲಿನ ಸಂಕೇತ ಗಾಳಿಯಲ್ಲಿ ಹೋಗುವುದು ಹತ್ತಿರದ ಟವರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಬಹುಪಾಲು ಪಯಣ ನೆಲದೊಳಗೆ ಹೂತಿರುವ ಆಪ್ಟಿಕಲ್ ಫೈಬರ್ ಎಂಬ ಗಾಜಿನ ಎಳೆಯಲ್ಲಿ, ಬೆಳಕಿನ ರೂಪದಲ್ಲಿ. ಪರದೇಶದಿಂದ ಬರುವ ಮಾಹಿತಿಯೂ ಹೆಚ್ಚಾಗಿ ಸಮುದ್ರದ ತಳದಲ್ಲಿ ಹಾಸಿರುವ ಕೇಬಲ್‌ಗಳಲ್ಲಿ ಬಂದು ಮುಂಬೈ, ಚೆನ್ನೈಗಳಂತಹ ಕರಾವಳಿ ನಗರಗಳಲ್ಲಿ ದಡ ಸೇರುತ್ತದೆ. ಉಪಗ್ರಹದ ಪಾಲು ಚಿಕ್ಕದು. ರಸ್ತೆ ಅಗಲ ಮಾಡುವ ಜೆಸಿಬಿ ಯಂತ್ರ ಒಂದು ಕಡೆ ನೆಲ ಅಗೆದರೆ ನಾಲ್ಕು ಊರುಗಳಲ್ಲಿ ನೆಟ್ ಹೋಗುವುದು ಇದರಿಂದಲೇ. ನಮ್ಮ ಪಂಚಾಯಿತಿಗಳಿಗೆ ಭಾರತ್‌ನೆಟ್ ಯೋಜನೆಯಲ್ಲಿ ಬಂದಿರುವುದೂ ಇಂತಹ ಫೈಬರ್ ಎಳೆಯೇ.

ಈಗ ಸರ್ವರ್ ವಿಷಯಕ್ಕೆ ಬರೋಣ. ಸರ್ವರ್ ಎಂದರೆ ಕೇಳಿದವರಿಗೆ ಕೇಳಿದ್ದನ್ನು ಕೊಡಲೆಂದೇ ಹಗಲು ರಾತ್ರಿ ಚಾಲೂ ಇಟ್ಟಿರುವ ಕಂಪ್ಯೂಟರ್. ಇಂತಹ ನೂರಾರು, ಸಾವಿರಾರು ಕಂಪ್ಯೂಟರುಗಳನ್ನು ಹವಾನಿಯಂತ್ರಣ ಮತ್ತು ಕಾವಲಿನೊಂದಿಗೆ ಒಂದೆಡೆ ಇಟ್ಟಿರುವ ಕಟ್ಟಡಕ್ಕೆ ಡೇಟಾ ಸೆಂಟರ್ ಎನ್ನುತ್ತಾರೆ. ನೀವು ಸರ್ವೆ ನಂಬರ್ ಹೊಡೆದು ಪಹಣಿ ಕೇಳಿದಾಗ ಆ ಕೋರಿಕೆಯು ನಿಮ್ಮ ಮೊಬೈಲಿನಿಂದಲೋ, ಕೇಂದ್ರದ ರೌಟರ್ ಎಂಬ ದೀಪ ಮಿನುಗುವ ಡಬ್ಬಿಯಿಂದಲೋ ಹೊರಟು, ನೆಟ್ ಒದಗಿಸುವ ಕಂಪನಿಯ ಜಾಲವನ್ನು ಹಾದು, ಭೂದಾಖಲೆಗಳಿರುವ ಸರ್ವರನ್ನು ಮುಟ್ಟುತ್ತದೆ. ಉತ್ತರ ಅದೇ ಬಗೆಯಲ್ಲಿ ಹಿಂದಿರುಗುತ್ತದೆ. ಹೋಗುವಾಗಲೂ ಬರುವಾಗಲೂ ಮಾಹಿತಿ ಇಡಿಯಾಗಿ ಹೋಗುವುದಿಲ್ಲ. ಪ್ಯಾಕೆಟ್ ಎಂಬ ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ವಿಳಾಸ ಮತ್ತು ಕ್ರಮಸಂಖ್ಯೆ ಹಚ್ಚಿ ಕಳುಹಿಸಲಾಗುತ್ತದೆ. ತುಂಡುಗಳು ಬೇರೆ ಬೇರೆ ದಾರಿಯಲ್ಲಿ ಬಂದರೂ ಕೊನೆಯಲ್ಲಿ ಕ್ರಮವಾಗಿ ಜೋಡಣೆಯಾಗುತ್ತವೆ, ಕಳೆದುಹೋದ ತುಂಡನ್ನು ಮತ್ತೆ ತರಿಸಿಕೊಳ್ಳಲಾಗುತ್ತದೆ.

ಆದ್ದರಿಂದ “ಸರ್ವರ್ ಡೌನ್” ಎಂದಾಗ ನೀವು ಮಾಡಬೇಕಾದ ಪರೀಕ್ಷೆ ಬಹಳ ಸರಳ. ಅದೇ ಕಂಪ್ಯೂಟರಿನಲ್ಲಿ ಬೇರೊಂದು ವೆಬ್‌ಸೈಟ್ ತೆರೆಯಲು ಹೇಳಿರಿ. ಅದೂ ತೆರೆಯದಿದ್ದರೆ ತೊಂದರೆ ನೆಟ್‌ನದು. ಬೇರೆ ಕಂಪನಿಯ ಸಂಪರ್ಕ ಇರುವ ಅಂಗಡಿಯಲ್ಲಿ ಅಥವಾ ನಿಮ್ಮದೇ ಮೊಬೈಲಿನಲ್ಲಿ ಕೆಲಸ ಆದೀತು. ಅದು ತೆರೆದು, ಬೇಕಾದ ಸೈಟ್ ಮಾತ್ರ ತೆರೆಯದಿದ್ದರೆ ತೊಂದರೆ ಸರ್ವರ್‌ನದು ಇರಬಹುದು. ಆಗ ಸೇಡಂ, ಶಹಾಬಾದ್, ಕಲಬುರಗಿ ಎಂದು ಅಲೆದು ಬಸ್ ಚಾರ್ಜು ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಇದನ್ನು ಚೆನ್ನಾಗಿ ನೋಡಬಹುದು. ರಾಜ್ಯದ ಲಕ್ಷಾಂತರ ಮನೆಗಳಿಂದ ಒಂದೇ ಗಳಿಗೆಯಲ್ಲಿ ಒಂದೇ ಸರ್ವರಿಗೆ ಕೋರಿಕೆ ಹೋಗುತ್ತದೆ, ಅದಕ್ಕೆ ಉತ್ತರಿಸಲಾಗದೆ ಪುಟ ಗಿರಗಿರನೆ ತಿರುಗುತ್ತ ನಿಲ್ಲುತ್ತದೆ. ಆಗ ತಾಳ್ಮೆ ಕಳೆದುಕೊಂಡು ಮತ್ತೆ ಮತ್ತೆ ರಿಫ್ರೆಶ್ ಒತ್ತುವುದೆಂದರೆ, ಅದೇ ಕೋರಿಕೆಯನ್ನು ಹತ್ತು ಸಲ ಕಳುಹಿಸಿ ಹೊರೆ ಹೆಚ್ಚಿಸುವುದು. ಅರ್ಧ ಗಂಟೆ ಬಿಟ್ಟು ನೋಡುವುದು ಮೇಲು.

ವೈಫೈ ಎಂಬುದನ್ನೂ ಇಂಟರ್‌ನೆಟ್ ಎಂದೇ ತಿಳಿಯುವವರಿದ್ದಾರೆ. ವೈಫೈ ಎಂದರೆ ನಿಮ್ಮ ಮೊಬೈಲಿಗೂ ರೌಟರಿಗೂ ನಡುವಿನ ತಂತಿಯಿಲ್ಲದ ಕೊಂಡಿ ಮಾತ್ರ. ವೈಫೈ ಗುರುತು ತುಂಬಿಕೊಂಡು ಕಂಡರೂ ಅದರ ಪಕ್ಕದಲ್ಲಿ ಒಂದು ಚಿಕ್ಕ ಆಶ್ಚರ್ಯಸೂಚಕ ಚಿಹ್ನೆ ಕಾಣಿಸಿದರೆ, ರೌಟರ್ ತನಕ ದಾರಿ ಸರಿ ಇದೆ, ಅದರಾಚೆ ಇಲ್ಲ ಎಂದರ್ಥ.

ಅಳತೆಯ ಬಗ್ಗೆ ಎರಡೇ ಮಾತು. ಕಡತದ ಗಾತ್ರವನ್ನು ಕೆಬಿ, ಎಂಬಿ, ಜಿಬಿ ಎಂದು ಅಳೆಯುತ್ತಾರೆ. ಒಂದೊಂದೂ ಹಿಂದಿನದಕ್ಕಿಂತ ಸುಮಾರು 1000 ಪಟ್ಟು ದೊಡ್ಡದು. ಅರ್ಜಿಯ ಸೈಟ್ “ಭಾವಚಿತ್ರ 50 ಕೆಬಿ ಮೀರಬಾರದು” ಎಂದರೆ, ಮೊಬೈಲಿನಲ್ಲಿ ತೆಗೆದ 3 ಅಥವಾ 4 ಎಂಬಿಯ ಫೋಟೋವನ್ನು ಅದು ಏಕೆ ತಿರಸ್ಕರಿಸುತ್ತದೆ ಎಂದು ಇದರಿಂದ ತಿಳಿಯುತ್ತದೆ. ಇನ್ನು ವೇಗದ ಜಾಹೀರಾತಿನಲ್ಲಿ ಬರುವ ಎಂಬಿಪಿಎಸ್ ಎಂಬುದು ಬೈಟ್ ಲೆಕ್ಕವಲ್ಲ, ಬಿಟ್ ಲೆಕ್ಕ. 8 ಬಿಟ್‌ಗೆ ಒಂದು ಬೈಟ್. ಹಾಗಾಗಿ 40 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 5 ಎಂಬಿ ಇಳಿಯುತ್ತದೆ.

ಇಂಟರ್‌ನೆಟ್ ಬೇರೆ, ವೆಬ್ ಬೇರೆ. ಇಂಟರ್‌ನೆಟ್ ದಾರಿಯಾದರೆ ಅದರ ಮೇಲೆ ನಡೆಯುವ ಹಲವು ಸೇವೆಗಳಲ್ಲಿ ವೆಬ್ ಒಂದು, ಇಮೇಲ್ ಒಂದು, ವಾಟ್ಸ್‌ಆ್ಯಪ್ ಮತ್ತೊಂದು. ವೆಬ್ಬನ್ನು ರೂಪಿಸಿದವರು ಟಿಮ್ ಬರ್ನರ್ಸ್-ಲೀ. ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ 1989ರಲ್ಲಿ ಅವರು ಇದರ ಪ್ರಸ್ತಾವ ಮುಂದಿಟ್ಟರು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಇದನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಜಗತ್ತಿಗೆ ಬಿಟ್ಟುಕೊಟ್ಟಿತು. ವೆಬ್ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶವೇ ಬ್ರೌಸರ್: ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಇತ್ಯಾದಿ. ಗೂಗಲ್ ಎಂಬುದು ಬ್ರೌಸರ್ ಅಲ್ಲ, ಅದು ಹುಡುಕಿ ಕೊಡುವ ಒಂದು ಸೈಟ್, ಅಂದರೆ ಸರ್ಚ್ ಎಂಜಿನ್. ಈ ಭೇದ ಪುಸ್ತಕದ ಮಾತಿನಂತೆ ತೋರಬಹುದು, ಆದರೆ ಹಣ ಕಳೆದುಕೊಳ್ಳುವ ಜಾಗ ಇದೇ. ಸರ್ಚ್ ಪೆಟ್ಟಿಗೆಯಲ್ಲಿ ‘ಬೆಳೆ ವಿಮೆ ಅರ್ಜಿ’ ಎಂದು ಬರೆದಾಗ ಮೊದಲು ಬರುವ ಕೆಲವು ಫಲಿತಾಂಶಗಳ ಮೇಲೆ ಸಣ್ಣ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದಿರುತ್ತದೆ. ಅದು ದುಡ್ಡು ಕೊಟ್ಟು ಮೇಲೆ ಬಂದ ಜಾಹೀರಾತು. ಅಲ್ಲಿ ಸರ್ಕಾರದ ಸೈಟನ್ನೇ ಹೋಲುವ ಖಾಸಗಿ ಪುಟವೂ ಇರಬಹುದು. ವಿಳಾಸ ಗೊತ್ತಿದ್ದರೆ ಅದನ್ನು ಬ್ರೌಸರಿನ ಮೇಲ್ತುದಿಯ ಅಡ್ರೆಸ್ ಬಾರಿನಲ್ಲಿ ಪೂರ್ತಿಯಾಗಿ ಬರೆಯುವುದೇ ಸರಿ.

ವಿಳಾಸ ಎಂದೆನಲ್ಲ, ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಇಂಟರ್‌ನೆಟ್ಟಿಗೆ ಸೇರಿದ ಪ್ರತಿ ಯಂತ್ರಕ್ಕೂ ಐಪಿ ವಿಳಾಸ ಎಂಬ ಒಂದು ಸಂಖ್ಯೆ ಇರುತ್ತದೆ. ಹಳೆಯ ಪದ್ಧತಿಯಲ್ಲಿ ಇಂತಹ ಸುಮಾರು 429 ಕೋಟಿ ಸಂಖ್ಯೆಗಳು ಮಾತ್ರ ಸಾಧ್ಯವಿದ್ದವು; ಜಗತ್ತಿನ ಯಂತ್ರಗಳಿಗೆ ಅವು ಸಾಲದೆ ಬಂದಾಗ ಐಪಿವಿ6 ಎಂಬ ಬಹು ದೊಡ್ಡ ಪದ್ಧತಿ ರೂಪುಗೊಂಡಿತು. ಮನುಷ್ಯರಿಗೆ ಈ ಸಂಖ್ಯೆಗಳು ನೆನಪಿರುವುದಿಲ್ಲವಾದ್ದರಿಂದ ಹೆಸರುಗಳನ್ನು ಕೊಡಲಾಗಿದೆ. ನಿಮ್ಮ ಮೊಬೈಲಿನಲ್ಲಿ ಅಳಿಯನ ನಂಬರ್ ಯಾರಿಗೆ ನೆನಪಿದೆ? ಹೆಸರು ಒತ್ತುತ್ತೀರಿ, ನಂಬರನ್ನು ಮೊಬೈಲ್ ಹುಡುಕಿಕೊಳ್ಳುತ್ತದೆ. ಇಡೀ ಇಂಟರ್‌ನೆಟ್ಟಿಗೆ ಆ ಕೆಲಸ ಮಾಡುವ ವ್ಯವಸ್ಥೆಗೆ ಡಿಎನ್‌ಎಸ್ ಎನ್ನುತ್ತಾರೆ. ಅದನ್ನು 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು. ಹೆಸರಿಗೆ ಡೊಮೇನ್ ನೇಮ್ ಎನ್ನುತ್ತಾರೆ.

ಡೊಮೇನ್ ಹೆಸರನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಜಿಲ್ಲಾಡಳಿತದ ಸೈಟ್ ‘ಕಲಬುರಗಿ ಡಾಟ್ ಎನ್‌ಐಸಿ ಡಾಟ್ ಇನ್’. ಬಲತುದಿಯ ‘ಇನ್’ ಭಾರತವನ್ನು, ‘ಎನ್‌ಐಸಿ’ ಸರ್ಕಾರದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರವನ್ನು, ಎಡಗಡೆಯ ಹೆಸರು ಜಿಲ್ಲೆಯನ್ನು ಸೂಚಿಸುತ್ತದೆ. ಬೀದರ್ ಮತ್ತು ಯಾದಗಿರಿಯ ಸೈಟುಗಳೂ ಹೀಗೆಯೇ ಇವೆ. ‘ಎನ್‌ಐಸಿ ಡಾಟ್ ಇನ್’ ಅಥವಾ ‘ಗವ್ ಡಾಟ್ ಇನ್’ ಎಂದು ಮುಗಿಯುವ ಹೆಸರು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಮೋಸಗಾರರು ‘ಗವ್’ ಎಂಬುದನ್ನು ಎಡಗಡೆಯಲ್ಲೋ ನಡುವೆಯೋ ಸೇರಿಸಿ, ಕೊನೆಯಲ್ಲಿ ‘ಡಾಟ್ ಕಾಮ್’, ‘ಡಾಟ್ ಆನ್‌ಲೈನ್’ ಎಂದು ಮುಗಿಸುತ್ತಾರೆ. ಕಣ್ಣು ಎಡಗಡೆಯಿಂದ ಓದಿ ‘ಗವ್’ ಕಂಡೊಡನೆ ನಂಬುತ್ತದೆ. ಬ್ಯಾಂಕುಗಳಿಗೂ ಇಂತಹದೇ ಕಟ್ಟುನಿಟ್ಟು ಬಂದಿದೆ: ಅವು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ವಿಳಾಸದ ಮೊದಲಿಗೆ ಬರುವ ‘ಎಚ್‌ಟಿಟಿಪಿಎಸ್’ ಎಂಬುದು ನಿಮ್ಮ ಮತ್ತು ಆ ಸೈಟಿನ ನಡುವೆ ಹರಿಯುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ ಹೇಳುತ್ತದೆ. ಆ ಕಡೆ ಕುಳಿತವನು ಪ್ರಾಮಾಣಿಕನೆಂದು ಅದು ಹೇಳುವುದಿಲ್ಲ. ಕಳ್ಳನ ಸೈಟಿಗೂ ಅದು ಸುಲಭವಾಗಿ ಸಿಗುತ್ತದೆ. ಬೀಗದ ಚಿಹ್ನೆ ಕಂಡರೆ ಸಾಕು, ಭಯವಿಲ್ಲ ಎಂದು ಮೊದಲೆಲ್ಲ ಹೇಳಿಕೊಡುತ್ತಿದ್ದರು. ಆ ಪಾಠ ಈಗ ಹಳತಾಗಿದೆ. ಕ್ರೋಮ್ ಬ್ರೌಸರ್ 2023ರಲ್ಲಿ ಆ ಬೀಗವನ್ನೇ ತೆಗೆದುಹಾಕಿತು.

ನಮ್ಮ ಭಾಗದವರಿಗೆ ಒಂದು ಸಣ್ಣ ಉಪಾಯ: ಗುಲ್ಬರ್ಗ ಎಂಬ ಹೆಸರು ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು. ವಿಶ್ವವಿದ್ಯಾಲಯ ಇಂದಿಗೂ ಗುಲಬರ್ಗಾ ವಿಶ್ವವಿದ್ಯಾಲಯವೇ, 2019ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ತೊಗರಿಬೇಳೆಯೂ ದಾಖಲೆಯಲ್ಲಿ ಗುಲ್ಬರ್ಗದ ಹೆಸರಿನಲ್ಲೇ ಇದೆ. ಹುಡುಕುವಾಗ ಒಂದು ಹೆಸರಿನಿಂದ ಸಿಗದಿದ್ದರೆ ಇನ್ನೊಂದರಿಂದ ಹುಡುಕಿ.

ಇನ್ನು ಇಮೇಲ್. ಇಂದಿನ ಮಾತಿನ ದೊಡ್ಡ ಭಾಗ ಇದಕ್ಕೇ ಮೀಸಲು, ಏಕೆಂದರೆ ವಾಟ್ಸ್‌ಆ್ಯಪ್ ಬಂದ ಮೇಲೆ ಇಮೇಲ್ ಏಕೆ ಎಂದು ಬಹಳ ಮಂದಿ ಕೇಳುತ್ತಾರೆ. ನಿಮ್ಮ ಹುಡುಗರ ನೇಮಕಾತಿ ಅರ್ಜಿ, ಪ್ರವೇಶಪತ್ರದ ಸೂಚನೆ, ಬ್ಯಾಂಕಿನ ತಿಳಿವಳಿಕೆ, ಮರೆತ ಪಾಸ್‌ವರ್ಡ್ ಬದಲಿಸುವ ಕೊಂಡಿ, ಇವೆಲ್ಲ ಬರುವುದು ಇಮೇಲಿಗೆ. ಇಂಟರ್‌ನೆಟ್ಟಿನಲ್ಲಿ ನಿಮ್ಮ ಗುರುತಿನ ಬುಡ ಅದೇ.

ಒಂದು ಕಂಪ್ಯೂಟರಿನಿಂದ ಜಾಲದ ಇನ್ನೊಂದು ಕಂಪ್ಯೂಟರಿಗೆ ಪತ್ರ ಕಳುಹಿಸುವ ವ್ಯವಸ್ಥೆಯನ್ನು 1971ರಲ್ಲಿ ಮಾಡಿದವರು ರೇ ಟಾಮ್ಲಿನ್‌ಸನ್. ವ್ಯಕ್ತಿಯ ಹೆಸರು ಎಲ್ಲಿ ಮುಗಿಯಿತು, ಯಂತ್ರದ ಹೆಸರು ಎಲ್ಲಿ ಶುರುವಾಯಿತು ಎಂದು ತೋರಿಸಲು ಅವರು ‘@’ ಚಿಹ್ನೆಯನ್ನು ಆರಿಸಿದರು. ಯಾರ ಹೆಸರಿನಲ್ಲೂ ಆ ಚಿಹ್ನೆ ಬರುವುದಿಲ್ಲವೆಂಬುದೇ ಅದರ ಅನುಕೂಲ. ಅಂದರೆ ಇಮೇಲ್ ವಿಳಾಸದಲ್ಲಿ ಆ ಚಿಹ್ನೆಯ ಎಡಕ್ಕಿರುವುದು ನೀವು, ಬಲಕ್ಕಿರುವುದು ನಿಮ್ಮ ಪತ್ರಗಳನ್ನು ಇಟ್ಟುಕೊಳ್ಳುವ ಸಂಸ್ಥೆ. ನಡುವೆ ಜಾಗ ಬಿಡುವಂತಿಲ್ಲ. ಜಿಮೇಲಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರದ ಭೇದವಿಲ್ಲ; ಹೆಸರಿನ ನಡುವಿನ ಚುಕ್ಕೆಯನ್ನೂ ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಂದು ಅಕ್ಷರ ತಪ್ಪಿದರೆ ಪತ್ರ ಮತ್ತೊಬ್ಬರಿಗೆ ಹೋದೀತು, ಇಲ್ಲವೇ ‘ವಿಳಾಸ ಸಿಗಲಿಲ್ಲ’ ಎಂದು ಮರಳಿ ಬಂದೀತು. 1996ರಲ್ಲಿ ಆರಂಭವಾದ ಹಾಟ್‌ಮೇಲ್, ಬ್ರೌಸರಿನಲ್ಲೇ ಪುಕ್ಕಟೆ ಇಮೇಲ್ ಕೊಟ್ಟ ಮೊದಲಿನ ಸೇವೆಗಳಲ್ಲಿ ಒಂದು. ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರು ಭಾರತದ ಸಬೀರ್ ಭಾಟಿಯಾ. ಜಿಮೇಲ್ ಬಂದದ್ದು 2004ರ ಏಪ್ರಿಲ್ 1ರಂದು. ಆಗ ಅದು ಕೊಟ್ಟ 1 ಜಿಬಿ ಜಾಗವನ್ನು ಕಂಡು ಏಪ್ರಿಲ್ ಫೂಲ್ ಹಾಸ್ಯವೆಂದೇ ಕೆಲವರು ತಿಳಿದಿದ್ದರು.

ಈಗ ನಮ್ಮ ಜಿಲ್ಲೆಯ ನಿಜಸ್ಥಿತಿಗೆ ಬರುತ್ತೇನೆ. ಸಂವಿಧಾನದ 371(ಜೆ) ವಿಧಿಯಂತೆ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯಲ್ಲಿ ಅರ್ಜಿ ಹಾಕುವ ಯುವಕ ಯುವತಿಯರಲ್ಲಿ ಹಲವರಿಗೆ ತಮ್ಮ ಇಮೇಲ್ ವಿಳಾಸ ಏನೆಂದು ಕೇಳಿದರೆ, “ಅದು ಅಂಗಡಿಯವ್ರೇ ಹಾಕ್ಯಾರ್ರಿ” ಎಂಬ ಉತ್ತರ ಬರುತ್ತದೆ. ಕೇಂದ್ರದ ಹುಡುಗ ಕೆಲಸ ಬೇಗ ಮುಗಿಯಲೆಂದು ತನ್ನದೇ ವಿಳಾಸವನ್ನು ಇಪ್ಪತ್ತು ಮೂವತ್ತು ಅರ್ಜಿಗಳಿಗೆ ಹಾಕಿರುತ್ತಾನೆ, ಅಥವಾ ಹೊಸದೊಂದನ್ನು ತೆರೆದು ಪಾಸ್‌ವರ್ಡನ್ನು ತನ್ನ ವಹಿಯಲ್ಲಿ ಬರೆದುಕೊಂಡಿರುತ್ತಾನೆ. ಅವನಲ್ಲಿ ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಆದರೆ ದಾಖಲೆ ಪರಿಶೀಲನೆಗೆ ಕರೆ ಬಂದಾಗ ಅದು ಅವನ ಇನ್‌ಬಾಕ್ಸಿನಲ್ಲಿ ನೂರು ಪತ್ರಗಳ ಕೆಳಗೆ ಬಿದ್ದಿರುತ್ತದೆ. ಅಂಗಡಿ ಮುಚ್ಚಿದರೆ ಅಲ್ಲಿಗೆ ಮುಗಿಯಿತು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಯಾವುದೇ ಸೈಟಿನಲ್ಲಿ ‘ಪಾಸ್‌ವರ್ಡ್ ಮರೆತಿರಾ’ ಎಂಬುದನ್ನು ಒತ್ತಿದರೆ ಹೊಸ ಪಾಸ್‌ವರ್ಡಿನ ಕೊಂಡಿ ಸಾಮಾನ್ಯವಾಗಿ ಇಮೇಲಿಗೆ ಹೋಗುತ್ತದೆ. ಅಂದರೆ ಇಮೇಲ್ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ನಿಮ್ಮ ಉಳಿದ ಖಾತೆಗಳೂ ಇವೆ. ಆದ್ದರಿಂದ ಹದಿನೆಂಟು ದಾಟಿದ ಪ್ರತಿಯೊಬ್ಬರೂ ಸ್ವಂತ ಇಮೇಲ್ ಖಾತೆಯನ್ನು ಸ್ವಂತ ಮೊಬೈಲಿನಲ್ಲಿ, ಸ್ವಂತ ಕೈಯಿಂದ ತೆರೆಯಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಫಾರ್ಮ್ ತುಂಬುವುದನ್ನು ಬೇಕಾದರೆ ಅಂಗಡಿಗೆ ಬಿಡಿ.

ತಾಯಿಯೊಬ್ಬರು ಕೇಳಿದರು: “ಪಾಸ್‌ವರ್ಡ್ ಬ್ಯಾರೆ, ಓಟಿಪಿ ಬ್ಯಾರೆ ಏನ್ರೀ?” ಹೌದು, ಬೇರೆ. ಖಾತೆಯ ಹೆಸರು ಎಲ್ಲರಿಗೂ ತಿಳಿದರೆ ತೊಂದರೆಯಿಲ್ಲ. ಪಾಸ್‌ವರ್ಡ್ ನೀವು ಆರಿಸಿಕೊಂಡು ಗುಟ್ಟಾಗಿ ಇಟ್ಟುಕೊಳ್ಳುವ ಪದ. ಓಟಿಪಿ ಎಂದರೆ ಆ ಒಂದು ಸಲಕ್ಕೆ ಮಾತ್ರ ನಡೆಯುವ, ಕೆಲವೇ ನಿಮಿಷ ಬಾಳುವ ಸಂಖ್ಯೆ. ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕರೂ ಮೊಬೈಲ್ ನಿಮ್ಮ ಕೈಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಅದನ್ನು ಕೇಳುತ್ತಾರೆ. ಎರಡನ್ನೂ ಕೇಳುವ ಏರ್ಪಾಟಿಗೆ ಎರಡು ಹಂತದ ಪರಿಶೀಲನೆ ಎನ್ನುತ್ತಾರೆ, ಅದನ್ನು ಚಾಲೂ ಮಾಡಿಕೊಳ್ಳಿ. ಪಾಸ್‌ವರ್ಡಿಗೆ ಮಗನ ಹೆಸರು, ಹುಟ್ಟಿದ ವರ್ಷ ಬೇಡ. ಸಂಬಂಧವಿಲ್ಲದ ಮೂರು ನಾಲ್ಕು ಪದಗಳನ್ನು ಜೋಡಿಸಿ ಉದ್ದ ಮಾಡಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರಿನ ಕಡೆಗೂ ಗಮನವಿರಲಿ. ನಮ್ಮ ಕಡೆಯವರು ಮುಂಬೈ, ಹೈದರಾಬಾದ್, ಬೆಂಗಳೂರುಗಳಿಗೆ ದುಡಿಯಲು ಹೋದಾಗ ಸಿಮ್ ಬದಲಿಸುತ್ತಾರೆ. ಬಹುಕಾಲ ರೀಚಾರ್ಜ್ ಇಲ್ಲದ ಹಳೆಯ ನಂಬರ್ ಮುಂದೆ ಬೇರೆಯವರ ಪಾಲಾಗುತ್ತದೆ. ನಂಬರ್ ಬಿಡುವ ಮುನ್ನ ಖಾತೆಯಲ್ಲಿ ಹೊಸದನ್ನು ಸೇರಿಸಬೇಕು. ಇನ್ನು ಅಂಗಡಿಯ ಕಂಪ್ಯೂಟರಿನಲ್ಲಿ ಲಾಗಿನ್ ಆದರೆ, “ಪಾಸ್‌ವರ್ಡ್ ಉಳಿಸಲೇ?” ಎಂದು ಬ್ರೌಸರ್ ಕೇಳಿದಾಗ ಬೇಡವೆನ್ನಿ, ಏಳುವ ಮುನ್ನ ಲಾಗೌಟ್ ಮಾಡಿ. ಪುಟ ಮುಚ್ಚಿದ ಮಾತ್ರಕ್ಕೆ ಲಾಗೌಟ್ ಆಗುವುದಿಲ್ಲ.

ಪತ್ರ ಬರೆಯುವ ಪುಟದಲ್ಲಿ ಮೊದಲು ‘ಟು’, ಅಂದರೆ ಯಾರಿಗೆ. ಅದರ ಕೆಳಗಿನ ‘ಸಿಸಿ’ ತಿಳಿವಳಿಕೆಗಾಗಿ ಪ್ರತಿ ಪಡೆಯುವವರದು. ಟೈಪ್‌ರೈಟರಿನಲ್ಲಿ ಕಾರ್ಬನ್ ಹಾಳೆ ಇಟ್ಟವರಿಗೆ ವಿವರಣೆ ಬೇಕಿಲ್ಲ. ‘ಬಿಸಿಸಿ’ಯಲ್ಲಿ ಬರೆದವರಿಗೂ ಪ್ರತಿ ಹೋಗುತ್ತದೆ, ಆದರೆ ಅವರ ವಿಳಾಸ ಉಳಿದವರಿಗೆ ಕಾಣುವುದಿಲ್ಲ. ಸ್ವಸಹಾಯ ಸಂಘದ ಎಲ್ಲ ಸದಸ್ಯರಿಗೂ ಸಭೆಯ ನೋಟಿಸ್ ಕಳುಹಿಸುವಾಗ ಅವರ ವಿಳಾಸಗಳನ್ನು ಬಿಸಿಸಿಯಲ್ಲಿ ಹಾಕುವುದು ಮರ್ಯಾದೆ. ‘ಸಬ್ಜೆಕ್ಟ್’ ಸಾಲನ್ನು ನಮ್ಮಲ್ಲಿ ಬಹುಪಾಲು ಜನ ಖಾಲಿ ಬಿಡುತ್ತಾರೆ, ಅಥವಾ ‘ಸರ್’ ಎಂದಷ್ಟೇ ಬರೆಯುತ್ತಾರೆ. ಕಚೇರಿಯಲ್ಲಿ ದಿನಕ್ಕೆ ನೂರು ಪತ್ರ ನೋಡುವವರು ತೆರೆಯುವ ಮುನ್ನ ಓದುವುದು ಅದನ್ನೊಂದೇ. ‘ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಿದ್ದುಪಡಿ, ಬಿ.ಎ. ನಾಲ್ಕನೇ ಸೆಮಿಸ್ಟರ್, ನೋಂದಣಿ ಸಂಖ್ಯೆ ಇಂತಿಷ್ಟು’ ಎಂದು ಬರೆದ ಪತ್ರಕ್ಕೂ, ‘ಅರ್ಜೆಂಟ್’ ಎಂದು ಬರೆದ ಪತ್ರಕ್ಕೂ ಸಿಗುವ ಗತಿ ಬೇರೆ ಬೇರೆ. ಬರೆದು ಕಳುಹಿಸದೆ ಬಿಟ್ಟದ್ದು ಡ್ರಾಫ್ಟ್‌ನಲ್ಲಿರುತ್ತದೆ, ಕಳುಹಿಸಿದ್ದು ಸೆಂಟ್‌ನಲ್ಲಿ. ಅರ್ಜಿ ಕಳುಹಿಸಿದ್ದಕ್ಕೆ ದಿನಾಂಕ ಮತ್ತು ಗಳಿಗೆ ಸಹಿತ ನಿಮ್ಮ ಬಳಿ ಉಳಿಯುವ ದಾಖಲೆ ಸೆಂಟ್‌ನಲ್ಲಿರುವ ಪ್ರತಿಯೇ ಆಗಿರುವುದರಿಂದ ಅದನ್ನು ಅಳಿಸಬೇಡಿ. ಜಿಮೇಲಿನಲ್ಲಿ ಅಳಿಸಿದ ಪತ್ರ 30 ದಿನ ಟ್ರ್ಯಾಶ್‌ನಲ್ಲಿದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ‘ರಿಪ್ಲೈ’ ಒತ್ತಿದರೆ ಕಳುಹಿಸಿದವರಿಗೆ ಮಾತ್ರ ಉತ್ತರ, ‘ರಿಪ್ಲೈ ಆಲ್’ ಒತ್ತಿದರೆ ಸಿಸಿಯಲ್ಲಿದ್ದ ಎಲ್ಲರಿಗೂ.

ಪತ್ರದ ಜೊತೆ ಕಳುಹಿಸುವ ಕಡತ ಅಟ್ಯಾಚ್‌ಮೆಂಟ್. ಜಿಮೇಲಿನಲ್ಲಿ ಅದರ ಮಿತಿ 25 ಎಂಬಿ. ಇಲ್ಲಿ ಕನ್ನಡಿಗರಿಗೇ ಮೀಸಲಾದ ಒಂದು ತಾಪತ್ರಯವಿದೆ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ ಕಡತವನ್ನು ಕಳುಹಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಇಂಗ್ಲಿಷ್ ಅಕ್ಷರಗಳೂ ಕೊಂಬು ಚುಕ್ಕೆಗಳೂ ಬೆರೆತ ಕಲಸುಮೇಲೋಗರವಾಗಿ ಕಾಣುತ್ತದೆ. ಕಾರಣವಿಷ್ಟೆ: ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸಂಖ್ಯೆಗಳ ಮೇಲೆಯೇ ಕನ್ನಡದ ಚಿತ್ರಗಳನ್ನು ಕೂರಿಸಿದ್ದವು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತದ ಚಿಹ್ನೆಗೂ ತನ್ನದೇ ಸಂಖ್ಯೆ ಇದೆ, ಹಾಗಾಗಿ ಯೂನಿಕೋಡ್ ಕನ್ನಡ ಯಾವ ಮೊಬೈಲಿನಲ್ಲೂ ಕನ್ನಡವಾಗಿಯೇ ಕಾಣುತ್ತದೆ. ನಿಮ್ಮ ಮೊಬೈಲಿನ ಕೀಲಿಮಣೆ ಬರೆಯುವುದು ಯೂನಿಕೋಡ್‌ನಲ್ಲೇ. ಅಂಗಡಿಯಲ್ಲಿ ಹಳೆಯ ನುಡಿಯಲ್ಲಿ ಟೈಪ್ ಮಾಡಿಸಿದರೆ, ಅದನ್ನು ಪಿಡಿಎಫ್ ಮಾಡಿಸಿ ಕಳುಹಿಸಿ. ಪಿಡಿಎಫ್ ಸಾಮಾನ್ಯವಾಗಿ ಫಾಂಟನ್ನು ತನ್ನೊಳಗೇ ಒಯ್ಯುತ್ತದೆ. ವೆಬ್ ವಿಳಾಸವನ್ನೂ ಈಗ ಕನ್ನಡ ಲಿಪಿಯಲ್ಲಿ ಪಡೆಯಬಹುದು; ಅದಕ್ಕೆಂದೇ ‘ಡಾಟ್ ಭಾರತ’ ಎಂಬ ಕೊನೆಪದ ಕನ್ನಡ ಅಕ್ಷರಗಳಲ್ಲೇ ಇದೆ, ಬಳಸುವವರು ಮಾತ್ರ ವಿರಳ.

ಬೇಡದ ಪತ್ರಗಳ ರಾಶಿಗೆ ಸ್ಪ್ಯಾಮ್ ಎಂದು ಹೆಸರು. ಇಮೇಲ್ ಸೇವೆ ತನ್ನ ಅಂದಾಜಿನಿಂದ ಅವನ್ನು ಬೇರೆ ಪೆಟ್ಟಿಗೆಗೆ ತಳ್ಳುತ್ತದೆ. ಆ ಅಂದಾಜು ಕೆಲವೊಮ್ಮೆ ತಪ್ಪುವುದರಿಂದ ಕಾಯುತ್ತಿರುವ ಪತ್ರ ಬಾರದಿದ್ದರೆ ಸ್ಪ್ಯಾಮ್ ಪೆಟ್ಟಿಗೆಯನ್ನೂ ನೋಡಬೇಕು. ಇನ್ನೊಬ್ಬರ ವೇಷ ಹಾಕಿ ನಿಮ್ಮ ಗುಟ್ಟು ಕದಿಯುವ ಪತ್ರಕ್ಕೆ ಫಿಶಿಂಗ್ ಎನ್ನುತ್ತಾರೆ. ‘ಬ್ಯಾಂಕ್ ಕೆವೈಸಿ ವಿಭಾಗ’ ಎಂಬ ಹೆಸರಿನಿಂದ ಪತ್ರ ಬಂತೆನ್ನಿ. ಆ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಅದರ ಮೇಲೆ ಬೆರಳೊತ್ತಿದರೆ ನಿಜವಾದ ವಿಳಾಸ ಕಾಣುತ್ತದೆ. ಅದು ಯಾವುದೋ ಖಾಸಗಿ ಜಿಮೇಲ್ ವಿಳಾಸವಾಗಿದ್ದರೆ ಅಲ್ಲಿಗೆ ಬಿಡಿ. ವಾಟ್ಸ್‌ಆ್ಯಪಿನಲ್ಲಿ ‘ಪಿಎಂ ಕಿಸಾನ್’, ‘ಟ್ರಾಫಿಕ್ ಚಲನ್’ ಎಂಬ ಹೆಸರಿನಲ್ಲಿ ಬರುವ, ‘ಎಪಿಕೆ’ ಎಂದು ಮುಗಿಯುವ ಕಡತ ಇನ್ನೂ ಅಪಾಯಕಾರಿ. ಅದು ಕಾಗದವಲ್ಲ, ಒಂದು ಆ್ಯಪ್. ಇನ್‌ಸ್ಟಾಲ್ ಮಾಡಿದರೆ ನಿಮಗೆ ಬರುವ ಓಟಿಪಿಯನ್ನೇ ಓದಬಲ್ಲದು. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು ಅಥವಾ ಬಾಕಿ ನೋಡಲು, ಹಣ ಪಡೆಯಲು ಎಂದಿಗೂ ಅಲ್ಲ. ದುಡ್ಡು ಹೋದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ಆಮೇಲೆ ‘ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್’ ಸೈಟಿನಲ್ಲಿ ದೂರು ದಾಖಲಿಸಿ. ಹಣ ಖಾತೆಯಿಂದ ಖಾತೆಗೆ ಜಾರುವ ಮುನ್ನ ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. “ಮನ್ಯಾಗ ಗೊತ್ತಾದ್ರ ಬಯ್ತಾರ” ಎಂದು ಮುಚ್ಚಿಟ್ಟುಕೊಂಡರೆ ಆ ಸಮಯ ಹೋಗಿಬಿಡುತ್ತದೆ.

ಕೊನೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಕೇಳಿದರು: “ಇಮೇಲ್ ಮಾಡ್ಕೊಂಡು ಇಟ್ರ ಆತಲ್ರೀ, ದಿನಾ ತೆಗದು ನೋಡ್ಬೇಕೇನು?” ದಿನವೂ ನೋಡಬೇಕಿಲ್ಲ ಗುರುಗಳೇ, ಅರ್ಜಿ ಹಾಕಿದ ಕಾಲದಲ್ಲಿ ಮಾತ್ರ ಎರಡು ದಿನಕ್ಕೊಮ್ಮೆ ನೋಡಿದರೆ ಸಾಕು. ಆದರೆ ತೆರೆದಿಟ್ಟು ಪೂರ್ತಿ ಮರೆತರೆ ಆಗುವುದಿಲ್ಲ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಯನ್ನು ಅದರಲ್ಲಿರುವ ಪತ್ರ ಮತ್ತು ಫೋಟೋಗಳ ಸಮೇತ ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಹಾಗೆ ಅಳಿಸುವ ಮುನ್ನ ಅದು ಎಚ್ಚರಿಕೆಯ ಪತ್ರವನ್ನೇನೋ ಕಳುಹಿಸುತ್ತದೆ, ಆದರೆ ಕಳುಹಿಸುವುದು ಅದೇ ಇಮೇಲಿಗೆ ಮತ್ತು ನೀವು ಕೊಟ್ಟಿದ್ದರೆ ಇನ್ನೊಂದು ಇಮೇಲಿಗೆ.